ತಾರೀಖಿನ ಪೆಟ್ಟಿಗೆ

ಮೊದಲು ಕೀಬೋರ್ಡು ಕಿತ್ತುಕೊಂಡರು. ಆಮೇಲೆ ಅಭಿನಂದನೆ ಹೇಳಿದರು.

ಬೆಳಗ್ಗೆ ನೀರಕ್ಕ ತನ್ನ ಕುರ್ಚಿಯಲ್ಲಿ ಕೂತು ಎಂದಿನಂತೆ ಎರಡೂ ಕೈ ಮೇಜಿನ ಮೇಲಿಟ್ಟಳು. ಬೆರಳಿಗೆ ಬರೀ ಮರ ಸಿಕ್ಕಿತು. ಕೀಬೋರ್ಡು ಇದ್ದ ಜಾಗದ ಸುತ್ತ ಧೂಳಿನ ಅಂಚು ಹಾಗೇ ಇತ್ತು. ತಡಕಿದಳು. ಕಂಪ್ಯೂಟರೂ ಇಲ್ಲ, ಅದರ ವೈರೂ ಇಲ್ಲ. ಮೇಜಿನ ನಡುವೆ ತಣ್ಣಗಿನ ಗಾಜಿನ ಹಲಗೆಯೊಂದು ಮಲಗಿತ್ತು. ಅದರ ಮೈಯಲ್ಲಿ ಉಬ್ಬಿಲ್ಲ, ತಗ್ಗಿಲ್ಲ, ಬೆರಳು ನಿಲ್ಲಲು ಒಂದು ಗೀರೂ ಇಲ್ಲ.

ಟ್ಯಾಬ್ಲೆಟ್ ಬಂದಿದೆ, ಎಲ್ಲರಿಗೂ ಕೊಟ್ಟಿದ್ದೇವೆ, ನಿಮ್ಮನ್ನೂ ಬಿಟ್ಟಿಲ್ಲ ನೋಡಿ ಎಂದು ಸೂಪರ್‌ವೈಸರ್ ಬೆನ್ನ ಹಿಂದೆ ನಿಂತು ಹೇಳಿದ. ಅವನ ದನಿಯಲ್ಲಿ ದಾನ ಕೊಟ್ಟವನ ತೃಪ್ತಿ ಇತ್ತು. ಕಣ್ಣಿದ್ದವರ ಔದಾರ್ಯ ದೊಡ್ಡದು. ಕೊಡುವಾಗ ಕೇಳುವುದಿಲ್ಲ, ಕಿತ್ತುಕೊಳ್ಳುವಾಗಲೂ ಕೇಳುವುದಿಲ್ಲ.

ಅದು ನೀರು ಸರಬರಾಜು ಕಚೇರಿಯ ದೂರು ಕೊಠಡಿ. ನಲ್ಲಿಯಲ್ಲಿ ನೀರು ಬಾರದವರು, ಪೈಪು ಒಡೆದವರು, ಚರಂಡಿ ನೀರು ಕುಡಿಯುವ ನೀರಿಗೆ ಸೇರಿ ಮೂಗು ಮುಚ್ಚಿಕೊಂಡವರು, ಎಲ್ಲರೂ ಅಲ್ಲಿಗೆ ಫೋನ್ ಮಾಡುತ್ತಾರೆ. ಸಾಲಾಗಿ ಮೇಜು, ಮೇಜಿಗೊಂದು ಫೋನು, ಫೋನಿಗೊಬ್ಬಳು ಹೆಂಗಸು. ಬಾಗಿಲ ಪಕ್ಕದ ಮೇಜು ನೀರಕ್ಕನದು. ಆ ಹೆಸರು ಫೋನ್ ಮಾಡುವವರೇ ಇಟ್ಟದ್ದು. ಅವಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ ಎಂಬುದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ಅಗತ್ಯವೂ ಇರಲಿಲ್ಲ. ಅದೇ ಅವಳಿಗೆ ಆ ಕುರ್ಚಿಯ ಸುಖ.

ಎಡಗಿವಿಯಲ್ಲಿ ಫೋನು. ಬಲಗಿವಿಯಲ್ಲಿ ಇಯರ್‌ಫೋನು. ಅದರೊಳಗೆ ಪರದೆಯನ್ನು ಓದಿ ಹೇಳುವ ಯಂತ್ರದ ದನಿ. ಆ ದನಿಯನ್ನು ಅವಳು ಎಷ್ಟು ವೇಗಕ್ಕೆ ಇಟ್ಟುಕೊಂಡಿದ್ದಳೆಂದರೆ ಬೇರೆಯವರ ಕಿವಿಗೆ ಅದು ಹುರಿದ ಕಾಳು ಸಿಡಿದಂತೆ ಕೇಳುತ್ತಿತ್ತು. ಬೆರಳು ಕೀಬೋರ್ಡಿನ ಮೇಲೆ. ಹೆಸರಿನ ಪೆಟ್ಟಿಗೆ, ಟ್ಯಾಬ್ ಕೀ ಒತ್ತು. ಬೀದಿಯ ಪೆಟ್ಟಿಗೆ, ಟ್ಯಾಬ್ ಒತ್ತು. ದೂರಿನ ಪೆಟ್ಟಿಗೆ. ಎಂಟರ್. ಒಳಗೆ ಹೋಯಿತು. ಆಚೆ ಕಡೆಯವರು ಫೋನ್ ಇಡುವಷ್ಟರಲ್ಲಿ ದೂರು ರಿಪೇರಿಯವರ ಕೈಯಲ್ಲಿರುತ್ತಿತ್ತು. ಹಾಗೆ ಕೆಲಸ ಮಾಡಿದ ಹೆಂಗಸು ಅವಳು.

ಹಲಗೆಯನ್ನು ಕಲಿಸಲು ಕಂಪನಿಯಿಂದ ಒಬ್ಬ ಬಂದ. ನಡೆದರೆ ಬೂಟು ಕಿರುಗುಡುತ್ತಿತ್ತು. ಇದರಲ್ಲೂ ಓದಿ ಹೇಳುವ ದನಿ ಇದೆ ಮೇಡಂ, ಗಾಜಿನ ಮೇಲೆ ಬೆರಳು ಸವರಿ, ಅದೇ ಹೇಳುತ್ತೆ ಎಂದ. ಸವರಿದಳು. ದನಿ ಹೇಳಿತು: "ಬಟನ್." ಇನ್ನೊಂದಿಷ್ಟು ಸವರಿದಳು. "ಬಟನ್." ಮತ್ತೆ. "ಬಟನ್. ಬಟನ್."

"ಯಾವ ಬಟನ್ ಅಂತ ಹೆಂಗೆ ಗೊತ್ತಾಗೋದು?"

"ನೋಡಿದ್ರೆ ಗೊತ್ತಾಗುತ್ತೆ ಮೇಡಂ" ಎಂದ ಅವನು.

ಹೇಳಿ ಮುಗಿಸಿದ ಮೇಲೆ ಅವನಿಗೆ ತಾನೇನು ಹೇಳಿದೆ ಎಂದು ಹೊಳೆಯಿತು. ಬೂಟು ಒಮ್ಮೆ ಕಿರ್ ಎಂದಿತು. ಕ್ಷಮಿಸಿ ಎನ್ನಲಿಲ್ಲ. ಕೊಠಡಿಯಲ್ಲಿ ಯಾರೋ ನಕ್ಕರು. ನೀರಕ್ಕನೂ ನಕ್ಕಳು. ಇಂಥ ಕಡೆ ಮೊದಲು ತಾನೇ ನಗಬೇಕು, ಇಲ್ಲದಿದ್ದರೆ ಪಾಪ ಎನ್ನುತ್ತಾರೆ. ಪಾಪ ಎನ್ನಿಸಿಕೊಂಡವಳಿಗೆ ಕೆಲಸ ಕೊಡುವುದಿಲ್ಲ, ಕುರ್ಚಿ ಕೊಡುತ್ತಾರೆ. ಆಮೇಲೆ ಅದನ್ನೂ ತೆಗೆಯುತ್ತಾರೆ.

ಮಾರನೆಯ ದಿನ ಅವಳು ಮನೆಯಿಂದ ತನ್ನ ಸಣ್ಣ ಕೀಬೋರ್ಡು ತಂದಳು. ಮಡಚಿ ಚೀಲದಲ್ಲಿಡುವಂಥದ್ದು. ವೈರಿಲ್ಲದೆ ಹಲಗೆಗೆ ಜೋಡಿಸಿಕೊಂಡಳು. ಬೆರಳಿಗೆ ಮತ್ತೆ ಮೆಟ್ಟಿಲು ಸಿಕ್ಕಿದಂತಾಯಿತು. ಮೊದಲ ಫೋನು ಬಂತು. ಹೆಸರಿನ ಪೆಟ್ಟಿಗೆ, ಟ್ಯಾಬ್. ಬೀದಿಯ ಪೆಟ್ಟಿಗೆ, ಟ್ಯಾಬ್. ದೂರಿನ ಪೆಟ್ಟಿಗೆ, ಟ್ಯಾಬ್. ಅಬ್ಬ ಎಂದುಕೊಂಡಳು.

ಆಗ ತಾರೀಖಿನ ಪೆಟ್ಟಿಗೆ ಬಂತು.

ಅದರೊಳಗೆ ಕಾಲಿಟ್ಟದ್ದೇ ಒಂದು ಕ್ಯಾಲೆಂಡರು ತೆರೆದುಕೊಂಡಿತು. "ಹಿಂದಿನ ತಿಂಗಳು, ಬಟನ್" ಎಂದಿತು ದನಿ. ಟ್ಯಾಬ್ ಒತ್ತಿದಳು. "ಮುಂದಿನ ತಿಂಗಳು, ಬಟನ್." ಒತ್ತಿದಳು. "ವರ್ಷ." ಒತ್ತಿದಳು. "ಹಿಂದಿನ ತಿಂಗಳು, ಬಟನ್." ಅಷ್ಟೆ. ದಿನಗಳ ಮೇಲೆ ಕೀಬೋರ್ಡು ಹೋಗುವುದೇ ಇಲ್ಲ. ಬಾಣದ ಕೀ ಒತ್ತಿದರೆ ತಿಂಗಳು ತಿರುಗುತ್ತದೆ. ಹೊರಗೆ ಬರುವ ಕೀ ಒತ್ತಿದರೆ ಏನೂ ಆಗುವುದಿಲ್ಲ. ಬೆರಳಿನಿಂದ ಗಾಜು ಸವರಿದರೆ ಮೂವತ್ತು ದಿನಕ್ಕೂ ಒಂದೇ ಹೆಸರು: ಬಟನ್. ಕಳಿಸು ಎನ್ನುವ ಗುಂಡಿ ಆ ಕ್ಯಾಲೆಂಡರಿನ ಆಚೆ ಇದೆ. ಆಚೆ ಹೋಗುವ ದಾರಿ ಇಲ್ಲ. ಹಿಂದಕ್ಕೂ ಬರುವಂತಿಲ್ಲ. ಎಲ್ಲವನ್ನೂ ಮುಚ್ಚಿ ಹೊರಬಂದರೆ ಬರೆದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಗಾಣದೆತ್ತಿನ ಹಾಗೆ ಸುತ್ತಿದಳು. ಆ ಪೆಟ್ಟಿಗೆಯಲ್ಲಿ ಕೂತು ಅವಳು ಹುಟ್ಟಿದ ವರ್ಷಕ್ಕೂ ಹೋಗಬಹುದು, ಸಾಯುವ ವರ್ಷಕ್ಕೂ ಹೋಗಬಹುದು. ಇವತ್ತಿಗೆ ಮಾತ್ರ ಬರುವ ಹಾಗಿಲ್ಲ.

ಕಂಪನಿಯವನನ್ನು ಕೇಳಿದಳು. ಫೋನು ಬಂದದ್ದು ಇವತ್ತು, ನಾನು ಬರೆಯುತ್ತಿರುವುದು ಇವತ್ತು, ಇವತ್ತಿನ ತಾರೀಖು ಅದಕ್ಕೆ ಗೊತ್ತಿಲ್ಲವೇ, ಅದೇ ಹಾಕಿಕೊಳ್ಳಬಾರದೇ ಎಂದಳು. ವಿನ್ಯಾಸವೇ ಹಾಗಿದೆ ಎಂದ. ಕೀಬೋರ್ಡಿನ ಕೆಲಸ ಮುಂದಿನ ಆವೃತ್ತಿಯಲ್ಲಿ ಬರಬಹುದು ಎಂದ. ಟ್ಯಾಬ್ಲೆಟ್ ಇರೋದೇ ಮುಟ್ಟೋಕೆ, ಅದಕ್ಕೆ ಕೀಬೋರ್ಡ್ ಯಾರು ಹಾಕ್ತಾರೆ ಮೇಡಂ ಎಂದೂ ಕೇಳಿದ. ನಾನು ಹಾಕಿದೀನಲ್ಲ ಎಂದಳು. ಅವನು ಅದನ್ನು ಎಲ್ಲೂ ಬರೆದುಕೊಂಡ ಸದ್ದು ಕೇಳಲಿಲ್ಲ.

ಸೂಪರ್‌ವೈಸರ್ ಹತ್ತಿರ ಹೋದಳು. ಅವನು ಕೊಠಡಿಗೆಲ್ಲ ಕೇಳುವ ಹಾಗೆ ಹೇಳಿದ:

"ಎಲ್ಲರಿಗೂ ಆಗ್ತಿದೆ, ನಿಮಗೊಬ್ಬರಿಗೇ ಆಗ್ತಿಲ್ಲ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ."

ಈ ಗಾದೆ ಮಾಡಿದವನು ಒಮ್ಮೆಯಾದರೂ ಬಗ್ಗಿ ನೆಲ ನೋಡಿದ್ದನೋ ಇಲ್ಲವೋ.

ಅಂದಿನಿಂದ ಅವಳು ಬೆರಳು ಎರವಲು ಕೇಳುವವಳಾದಳು. ಪಕ್ಕದ ಮೇಜಿನವಳನ್ನು ಎಲ್ಲರೂ ಗಡಿಬಿಡಿ ಎನ್ನುತ್ತಿದ್ದರು. ಮಾತೂ ಗಡಿಬಿಡಿ, ನಡಿಗೆಯೂ ಗಡಿಬಿಡಿ, ಮನಸ್ಸು ಒಳ್ಳೆಯದು. ಮೊದಲ ದಿನ ಅವಳೇ ಎದ್ದು ಬಂದು ತಾರೀಖು ಒತ್ತಿದಳು. ಇದೇನು ಮಹಾ, ಒಂದು ಬೆರಳು ತಾನೆ ಎಂದಳು. ಎರಡನೆಯ ದಿನವೂ ಬಂದಳು. ಆಮೇಲೆ ತಡವಾಗತೊಡಗಿತು. ಅವಳಿಗೂ ಫೋನು ಬರುತ್ತದೆ. ನೀರಕ್ಕ ದೂರು ಬರೆದು, ಪೆಟ್ಟಿಗೆಯ ಬಾಯಿಗೆ ಬಂದು, ಕೈ ಮಡಿಲಲ್ಲಿಟ್ಟು ಕಾಯಬೇಕು. ಕುತ್ತಿಗೆ ಪಕ್ಕಕ್ಕೆ ತಿರುಗಿಸಿ, ಗಡಿಬಿಡಿಯ ಮಾತು ಮುಗಿಯಿತೇ ಎಂದು ಕಿವಿಗೊಟ್ಟು, ಮುಗಿದ ಕೂಡಲೇ "ಒಂದ್ ಸಲ" ಎನ್ನಬೇಕು. ದಿನಕ್ಕೆ ಎಷ್ಟು ಸಲ ಒಂದ್ ಸಲ. ಬೆನ್ನು ಮರಗಟ್ಟುತ್ತಿತ್ತು. ಬೆರಳು ಸುಮ್ಮನಿದ್ದು ಸುಮ್ಮನಿದ್ದು ನೋಯುತ್ತಿತ್ತು. ದುಡಿದ ಕೈ ನೋಯುವುದು ಬೇರೆ, ದುಡಿಯಲು ಬಿಡದ ಕೈ ನೋಯುವುದು ಬೇರೆ. ಗಡಿಬಿಡಿ ನೀರು ಕುಡಿಯಲು ಎದ್ದುಹೋದರೆ ಇವಳ ಎದೆ ಹೊಡೆದುಕೊಳ್ಳುತ್ತಿತ್ತು. ತಾನು ಬಚ್ಚಲಿಗೆ ಹೋಗಬೇಕಾದರೂ ಗಡಿಬಿಡಿ ಪೆಟ್ಟಿಗೆಯಿಂದ ಬಿಡಿಸುವ ತನಕ ತಡೆದುಕೊಳ್ಳುತ್ತಿದ್ದಳು. ಮುಚ್ಚಿ ಎದ್ದರೆ ಬರೆದ ದೂರು ಅಳಿಸಿಹೋಗುತ್ತದೆ.

ಒಂದು ಮಧ್ಯಾಹ್ನ ಗಡಿಬಿಡಿಯನ್ನು ಸೂಪರ್‌ವೈಸರ್ ಕರೆದು ನಿನ್ನ ಕೆಲಸ ಹಿಂದೆ ಬಿದ್ದಿದೆ ಎಂದು ಬೈದ. ಅವಳು ಬಂದು ಕೂತಳು. ನೀರಕ್ಕ ಸಣ್ಣ ದನಿಯಲ್ಲಿ ಒಂದ್ ಸಲ ಎಂದಳು. ಕುರ್ಚಿ ಅಲುಗಲಿಲ್ಲ.

"ನನಗೂ ಮನೆ ಇದೆ ನೀರಕ್ಕ" ಎಂದಳು ಗಡಿಬಿಡಿ. ಅವಳ ದನಿ ಒದ್ದೆಯಾಗಿತ್ತು. ಆಮೇಲೆ ಎದ್ದು ಬಂದು ಒತ್ತಿದಳು. ಒತ್ತಿದ ರಭಸಕ್ಕೆ ಹಲಗೆ ಮೇಜಿನ ಮೇಲೆ ಜಾರಿತು. ಇಬ್ಬರು ಹೆಂಗಸರನ್ನು ಒಂದು ಬೆರಳಿಗೆ ಕಟ್ಟಿಹಾಕಿ ಇಬ್ಬರನ್ನೂ ಬೈಯುವುದಕ್ಕೆ ಅಲ್ಲಿ ಸುಧಾರಣೆ ಎಂದು ಹೆಸರು.

ಹಲಗೆಯ ಬೆಳಕನ್ನು ಅವಳು ಆರಿಸಿಯೇ ಇಡುತ್ತಿದ್ದಳು. ಕೀಬೋರ್ಡಿನಲ್ಲಿ ಮೂರು ಕೀ ಒಟ್ಟಿಗೆ ಒತ್ತಿದರೆ ಪರದೆ ಪೂರ್ತಿ ಕಪ್ಪಾಗುತ್ತದೆ, ಒಳಗೆ ಕೆಲಸ ಮಾತ್ರ ನಡೆಯುತ್ತಿರುತ್ತದೆ, ದನಿ ಓದುತ್ತಿರುತ್ತದೆ. ಕಾಣದವರು ಬಹಳ ಮಂದಿ ಹಾಗೇ ಮಾಡುತ್ತಾರೆ. ಬೆಳಕು ಅವರಿಗೇಕೆ? ಅವಳಿಗೆ ಇನ್ನೊಂದು ಕಾರಣವೂ ಇತ್ತು. ಹಳೆಯ ಕಂಪ್ಯೂಟರಿನಲ್ಲಿ ಒಮ್ಮೆ ಅಕ್ಕ ಕಳಿಸಿದ ಸಂದೇಶವನ್ನು ಓದಿಸಿಕೊಳ್ಳುತ್ತಿದ್ದಾಗ ಸೂಪರ್‌ವೈಸರ್ ಹೆಗಲ ಹಿಂದೆ ನಿಂತು ತಾನೂ ಓದಿಕೊಂಡಿದ್ದ. ಗಂಡಿನ ಕಡೆಯವರು ಒಲ್ಲೆ ಎಂದರು ಎಂಬ ಸಂದೇಶ ಅದು. ಹೋಗ್ಲಿ ಬಿಡಿ, ಕಣ್ಣಿದ್ದೋರಿಗೇ ಗಂಡು ಸಿಗಲ್ಲ ಎಂದು ಅವನು ಗಟ್ಟಿಯಾಗಿ ಸಮಾಧಾನ ಹೇಳಿದ್ದ. ಅವಳ ಕಿವಿಯ ತುದಿ ಸುಟ್ಟಿತ್ತು. ಅವತ್ತೇ ಮಾನಿಟರಿನ ಗುಂಡಿ ಒತ್ತಿ ಆರಿಸಿದ್ದಳು. ಹಲಗೆ ಬಂದ ಮೇಲೂ ಆ ರೂಢಿ ಬಿಡಲಿಲ್ಲ. ಗಡಿಬಿಡಿ ಒತ್ತಲು ಬಂದಾಗಷ್ಟೇ ಬೆಳಗಿಸಿ ಮತ್ತೆ ಆರಿಸುತ್ತಿದ್ದಳು. ಆ ಕಪ್ಪು ಅವಳ ಮನೆಯ ಬಾಗಿಲು.

ಅದಕ್ಕೂ ಕಲ್ಲು ಬಿತ್ತು. ಮೀಟಿಂಗಿನಲ್ಲಿ ಸೂಪರ್‌ವೈಸರ್, ಕೆಲವರು ಟ್ಯಾಬ್ಲೆಟ್ ಆಫ್ ಮಾಡಿಕೊಂಡು ಕೂತಿರುತ್ತಾರೆ, ನಾನೇ ನೋಡಿದ್ದೇನೆ ಎಂದ. ಅದು ಆಫ್ ಅಲ್ಲ ಸರ್ ಎಂದು ಅವಳು ವಿವರಿಸಲು ಹೋದಳು. ಕಪ್ಪಗಿದ್ದದ್ದು ಕಪ್ಪಗಿದ್ದದ್ದೇ, ನನಗೆ ಕಣ್ಣಿದೆ ಎಂದ.

ಈ ನಡುವೆ ಒಬ್ಬಾಕೆ ಫೋನ್ ಮಾಡುತ್ತಿದ್ದಳು. ಬಾಯಿಬಡುಕಿಯಲ್ಲ, ಬಟ್ಟೆ ಒಗೆಯುವ ಕೆಲಸದವಳು. ನಲ್ಲಿಯಲ್ಲಿ ಚರಂಡಿ ವಾಸನೆಯ ನೀರು ಬರುತ್ತಿದೆ, ಅತ್ತೆ ಹಾಸಿಗೆ ಹಿಡಿದಿದ್ದಾರೆ, ಕುದಿಸಿ ಕೊಟ್ಟರೂ ಹೊಟ್ಟೆ ನಿಲ್ಲುತ್ತಿಲ್ಲ ಎಂದಳು. ನೀರಕ್ಕ ಎಲ್ಲವನ್ನೂ ಬರೆದಳು. ಪೆಟ್ಟಿಗೆಗೆ ಬಂದಳು. ಗಡಿಬಿಡಿ ಅವತ್ತು ರಜೆ. ಆಚೆ ಮೇಜಿನವಳು ಈಗ ಬಂದೆ, ಈಗ ಬಂದೆ ಎಂದಳು. ಗಡಿಬಿಡಿಯ ಖಾಲಿ ಮೇಜಿನ ಫೋನು ಹೊಡೆದುಕೊಳ್ಳತೊಡಗಿತು. ಸೂಪರ್‌ವೈಸರ್ ಫೋನ್ ಎತ್ತಿ ಎಂದು ಕೂಗಿದ. ನೀರಕ್ಕ ಪೆಟ್ಟಿಗೆ ಮುಚ್ಚಿದಳು. ದೂರು ಅಳಿಸಿಹೋಯಿತು.

ಇನ್ನೂ ಲೈನಿನಲ್ಲೇ ಇದ್ದ ಆಕೆ ಕೇಳಿದಳು, ಬರ್ಕೊಂಡ್ರಾ ನೀರಕ್ಕ ಎಂದು. ಬರ್ಕೊಂಡೆ ಎಂದಳು ನೀರಕ್ಕ.

ಬಾಯಿಗೆ ಬಂದದ್ದು ಅದೇ. ಇನ್ನೇನು ಹೇಳಬೇಕಿತ್ತು, ಇವತ್ತಿನ ತಾರೀಖು ನನ್ನ ಕೈಗೆ ಸಿಗಲಿಲ್ಲ ಎಂದೇ? ನಂಬುವವರು ಯಾರು? ಆಕೆ ಮತ್ತೊಮ್ಮೆ ಫೋನ್ ಮಾಡಿದಳು, ಯಾರೂ ಬರಲಿಲ್ಲವಲ್ಲ ಎಂದಳು. ಈ ಸಲವೂ ನೀರಕ್ಕ ಬರೆದಳು. ಪೆಟ್ಟಿಗೆಗೆ ಬಂದು ಬೆರಳಿಗಾಗಿ ಕಾಯುವಷ್ಟರಲ್ಲಿ ಹೊತ್ತು ಮೀರಿತೆಂದು ಹಲಗೆ ತಾನೇ ಮುಚ್ಚಿಕೊಂಡಿತು. ಬರ್ಕೊಂಡೆ ಎಂದು ಮತ್ತೆ ಹೇಳಿದಳು. ನಿಮ್ಮ ಹೊಟ್ಟೆ ತಣ್ಣಗಿರ್ಲಿ ಎಂದಳು ಆಕೆ. ಸುಳ್ಳು ಹೇಳುವುದನ್ನು ಆ ಹಲಗೆ ಅವಳಿಗೆ ಕಲಿಸಿತು. ಹೊಸ ಯಂತ್ರದಿಂದ ಅವಳು ಕಲಿತದ್ದು ಅದೊಂದೇ.

ಹೊಸ ವ್ಯವಸ್ಥೆಯ ಉದ್ಘಾಟನೆ ಗೊತ್ತಾಯಿತು. ದೊಡ್ಡ ಸಾಹೇಬರು ಬರುತ್ತಾರೆ, ಪತ್ರಿಕೆಯವರು ಬರುತ್ತಾರೆ. ಸೂಪರ್‌ವೈಸರ್ ನೀರಕ್ಕನನ್ನು ಒಳಗೆ ಕರೆದು ಕೂರಿಸಿದ. ಕೂರಿ ಎಂದದ್ದೇ ಮೊದಲ ಸಲ. ನಿಮ್ಮದೇ ಪ್ರದರ್ಶನ ಎಂದ. ಅಂಧ ಉದ್ಯೋಗಿಯೂ ಸಲೀಸಾಗಿ ಬಳಸುವ ವ್ಯವಸ್ಥೆ ಎಂದು ಸಾಹೇಬರ ಭಾಷಣದಲ್ಲಿದೆಯಂತೆ. ಒಂದು ಫೋನು ಬರುತ್ತದೆ, ಪಕ್ಕದ ರೂಮಿನಿಂದ ನಮ್ಮ ಗುಮಾಸ್ತನೇ ಮಾಡುತ್ತಾನೆ. ನೀವು ಬರೆಯಿರಿ. ತಾರೀಖು ಬಂದಾಗ ಗಡಿಬಿಡಿ ನಿಮ್ಮ ಕುರ್ಚಿಯ ಹಿಂದೆ ನಿಂತು ಕೈ ಚಾಚಿ ಒತ್ತುತ್ತಾಳೆ, ಮುಂದೆ ಕೂತವರಿಗೆ ಹೂಕುಂಡ ಅಡ್ಡ ಇರುತ್ತದೆ, ಕಾಣುವುದಿಲ್ಲ. ಪರದೆ ಬೆಳಗಿಸಿಡಿ, ಫೋಟೊಗೆ ಚೆನ್ನಾಗಿರುತ್ತದೆ.

"ನಿಮ್ಮ ಕೆಲಸ ನಗ್ತಾ ಕೂರೋದು, ಅಷ್ಟೆ. ಗುತ್ತಿಗೆ ಮುಂದುವರಿಸೋ ಫೈಲ್ ಸಾಹೇಬ್ರ ಟೇಬಲ್ ಮೇಲಿದೆ, ನೆನಪಿರ್ಲಿ."

ಆ ಪೆಟ್ಟಿಗೆ ಸರಿ ಮಾಡಿಸಿಬಿಡಿ ಸರ್, ಪ್ರದರ್ಶನ ನಾನು ಒಬ್ಬಳೇ ಮಾಡುತ್ತೇನೆ ಎಂದಳು. ಅದೆಲ್ಲ ಆಮೇಲೆ ಎಂದ. ಆಮೇಲೆ ಎಂಬುದು ಆ ಕಚೇರಿಯಲ್ಲಿ ಯಾವ ಕ್ಯಾಲೆಂಡರಿನಲ್ಲೂ ಬಾರದ ತಿಂಗಳು.

ಮನೆಯಲ್ಲಿ ಅಕ್ಕನಿಗೆ ಹೇಳಿದಳು. ಅಕ್ಕ ಬಟ್ಟೆ ಮಡಚುತ್ತಿದ್ದಳು, ಮಡಚುತ್ತಲೇ ಕೇಳಿದಳು. ಒಂದು ದಿನ ನಕ್ಕರೆ ಏನು ಗಂಟು ಹೋಗುತ್ತದೆ, ನಕ್ಕು ಬಾ ಎಂದಳು. ಬಸ್ಸು ಓಡಿಸಿ ದಣಿದು ಬಂದಿದ್ದ ಭಾವ ಊಟದ ತಟ್ಟೆಯ ಮುಂದಿನಿಂದ ತಮಾಷೆಗೆ ಹೇಳಿದ:

"ಕೆಲಸ ಹೋದ್ರೂ ಏನಾಯ್ತೀಗ? ನಿನ್ನ ಮೂಲೆ ಖಾಲೀನೇ ಇದೆ."

ಭಾವ ಕೆಟ್ಟವನಲ್ಲ. ಅದಕ್ಕೇ ಆ ಮಾತು ಹೆಚ್ಚು ನಾಟಿತು. ಆ ಮೂಲೆ ಹಿಂದಿನ ಕೋಣೆಯಲ್ಲಿತ್ತು. ಕೆಲಸ ಸಿಗುವ ಮೊದಲು ಅವಳ ಹರೆಯವೆಲ್ಲ ಅಲ್ಲೇ ಕಳೆದಿತ್ತು. ಮೊರದಲ್ಲಿ ಅಕ್ಕಿ ಹಾಕಿಕೊಂಡು ಬೆರಳಲ್ಲಿ ಕಲ್ಲು ಆರಿಸುವುದು, ಆರಿಸಿದ್ದನ್ನೇ ಮತ್ತೊಮ್ಮೆ ಆರಿಸುವುದು. ನೆಂಟರು ಬಂದರೆ ಬಾಗಿಲು ಮುಂದಕ್ಕೆ ಎಳೆಯುತ್ತಿದ್ದರು. ಅಲ್ಲಿ ದಿನಕ್ಕೆ ಹೆಸರಿರಲಿಲ್ಲ. ಹಿಂದಿನ ತಿಂಗಳು, ಮುಂದಿನ ತಿಂಗಳು ಎಲ್ಲ ಒಂದೇ. ಫೋನಿನ ಆ ಕುರ್ಚಿ ಹೋದರೆ ಉಳಿಯುವುದು ಆ ಮೂಲೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಗಲೇಬೇಕು ಎಂದು ತೀರ್ಮಾನಿಸಿ ಮಲಗಿದಳು. ದೇವರಾಣೆ, ನಗಬೇಕೆಂದೇ ಮರುದಿನ ಹೋದಳು.

ಕೊಠಡಿ ತುಂಬ ಹೊಸ ಸೆಂಟಿನ ವಾಸನೆ. ಮೇಜಿನ ಮುಂದೆ ಕುರ್ಚಿಗಳ ಸಾಲು. ಸಾಹೇಬರು ಬಂದರು, ಅವರ ಹಿಂದೆ ಕಿರುಗುಡುವ ಬೂಟು ಬಂತು. ಕ್ಯಾಮೆರಾಗಳು ಕ್ಲಿಕ್ ಕ್ಲಿಕ್ ಎಂದವು. ಸಾಹೇಬರು ಮಾತಾಡಿದರು. ಯಾರನ್ನೂ ಹಿಂದೆ ಬಿಡದ ತಂತ್ರಜ್ಞಾನ ಎಂದರು. ಇವರನ್ನೇ ನೋಡಿ ಎಂದು ಅವಳ ಹೆಗಲ ಮೇಲೆ ಕೈ ಇಟ್ಟರು. ಹೇಳದೆ ಕೇಳದೆ ಬಿದ್ದ ಕೈಗೆ ಅವಳ ಮೈ ಜುಮ್ಮೆಂದಿತು. ಚಪ್ಪಾಳೆ ಬಿತ್ತು. ನೀರಕ್ಕ ನಕ್ಕಳು.

ಯಂತ್ರದ ದನಿ ಎಲ್ಲರಿಗೂ ಕೇಳಲಿ ಎಂದು ಇಯರ್‌ಫೋನು ಕೀಳಿಸಿದ್ದರು. ಪರದೆ ಬೆಳಗಿತ್ತು. ಗಡಿಬಿಡಿ ಹಿಂದೆ ನಿಂತಿದ್ದಳು, ಅವಳ ಉಸಿರು ಕತ್ತಿಗೆ ತಾಗುತ್ತಿತ್ತು. ಬೆಳಗಿನಿಂದ ಬಂದ್ ಮಾಡಿದ್ದ ಲೈನನ್ನು ಸೂಪರ್‌ವೈಸರ್ ತೆರೆಸಿದ, ಗುಮಾಸ್ತನ ಫೋನಿಗೆಂದು. ಬೆಳಗಿನಿಂದ ಹೊರಗೆ ಎಷ್ಟು ಜನ ಕಾದಿರಬಹುದು ಎಂಬುದು ಅವನ ತಲೆಗೆ ಬಂದಿರಲಿಲ್ಲ. ಅವನು ಫೋನಿನಲ್ಲಿ ಯಾವತ್ತೂ ಕಾದವನಲ್ಲ. ಲೈನು ತೆರೆದ ಕ್ಷಣವೇ ಗಂಟೆ ಹೊಡೆಯಿತು. ನೀರಕ್ಕ ಎತ್ತಿದಳು.

ಗುಮಾಸ್ತನಲ್ಲ. ಬಟ್ಟೆ ಒಗೆಯುವಾಕೆ.

"ನೀರಕ್ಕ, ನಾನು. ಯಾರೂ ಬರ್ಲಿಲ್ಲ ಕಣಮ್ಮ. ಅತ್ತೇನ ನಿನ್ನೆ ಆಸ್ಪತ್ರೆಗೆ ಹಾಕಿದ್ವಿ. ನೀವು ಬರ್ಕೊಂಡೆ ಅಂದ್ರಲ್ಲ?"

ಬೆರಳು ತಾನಾಗಿ ಓಡಿತು. ಹೆಸರು, ಟ್ಯಾಬ್. ಬೀದಿ, ಟ್ಯಾಬ್. ದೂರು, ಟ್ಯಾಬ್. ಯಂತ್ರ ಗಟ್ಟಿಯಾಗಿ ಹೇಳಿತು: "ಹಿಂದಿನ ತಿಂಗಳು, ಬಟನ್." ಸಾಹೇಬರು ಪತ್ರಿಕೆಯವರಿಗೆ ನೋಡಿದಿರಾ ಎಂದರು. ಹಿಂದಿನಿಂದ ಗಡಿಬಿಡಿಯ ಕೈ ಹೆಗಲ ಪಕ್ಕ ಹಾದು ಮುಂದೆ ಬಂತು.

ನೀರಕ್ಕ ಆ ಮಣಿಕಟ್ಟು ಹಿಡಿದಳು.

ಯಾಕೆ ಹಿಡಿದಳೋ ಅವಳಿಗೂ ಆ ಗಳಿಗೆಯಲ್ಲಿ ಗೊತ್ತಿರಲಿಲ್ಲ. ಕಿವಿಯಲ್ಲಿ ಫೋನಿನಾಕೆಯ ಉಸಿರಿತ್ತು, ಹೆಗಲ ಮೇಲೆ ಸಾಹೇಬರ ಕೈಯಿತ್ತು, ಮುಖದ ಮೇಲೆ ತನ್ನದಲ್ಲದ ನಗುವಿತ್ತು. ಈ ಬೆರಳು ಈಗ ತಾರೀಖು ಒತ್ತಿದರೆ ನಾಳೆಯಿಂದ ಈ ಪೆಟ್ಟಿಗೆ ಸರಿಯಿದೆ ಎಂದೇ ಲೆಕ್ಕ. ಆಮೇಲೆ ಅದನ್ನು ತೆರೆಯುವವರಿಲ್ಲ. ಅಷ್ಟು ಮಾತ್ರ ಸ್ಪಷ್ಟವಾಗಿ ಗೊತ್ತಾಯಿತು. ಗಡಿಬಿಡಿಯ ಕೈಯನ್ನು ಮೆತ್ತಗೆ ಹಿಂದಕ್ಕೆ ತಳ್ಳಿದಳು. ನಗು ತೆಗೆದಳು. ಮೂರು ಕೀ ಒಟ್ಟಿಗೆ ಒತ್ತಿದಳು.

ಪರದೆ ಕಪ್ಪಾಯಿತು.

"ಏನಾಯ್ತು?" ಎಂದರು ಸಾಹೇಬರು.

ನೀರಕ್ಕ ಟ್ಯಾಬ್ ಒತ್ತಿದಳು. "ಮುಂದಿನ ತಿಂಗಳು, ಬಟನ್" ಎಂದಿತು ಯಂತ್ರ. ಒತ್ತಿದಳು. "ವರ್ಷ." ಒತ್ತಿದಳು. "ಹಿಂದಿನ ತಿಂಗಳು, ಬಟನ್." ಬಿಡದೆ ಒತ್ತಿದಳು. ಕೊಠಡಿಯಲ್ಲಿ ಕೆಮ್ಮು ಕೇಳಿತು, ಕುರ್ಚಿಗಳು ಸರಿದವು. ಅವಳು ನಿಲ್ಲಿಸಲಿಲ್ಲ. ದಿನವೂ ಒಬ್ಬಳೇ ಕೇಳುತ್ತಿದ್ದುದನ್ನು ಇವತ್ತು ಎಲ್ಲರೂ ಕೇಳಲಿ. ಹಿಂದಿನ ತಿಂಗಳು, ಮುಂದಿನ ತಿಂಗಳು, ವರ್ಷ. ಹಿಂದಿನ ತಿಂಗಳು, ಮುಂದಿನ ತಿಂಗಳು, ವರ್ಷ.

ಸೂಪರ್‌ವೈಸರ್ ಓಡಿ ಬಂದು ಹಲಗೆಯನ್ನು ತನ್ನ ಕಡೆ ಎಳೆದುಕೊಂಡ. ಗಾಜಿನ ಮೇಲೆ ಕುಟ್ಟಿದ. "ಬಟನ್" ಎಂದಿತು. ಇನ್ನೊಂದು ಕಡೆ ಕುಟ್ಟಿದ. "ಬಟನ್." ಕಪ್ಪು ಗಾಜಿನ ಮೇಲೆ ಅವನ ಬೆರಳು ತಡಕಾಡಿತು. "ಬಟನ್. ಬಟನ್. ಬಟನ್." ಕಂಪನಿಯವನೂ ಬಂದು ಎರಡೂ ಕೈಯಲ್ಲಿ ಸವರಿದ. ತಾನೇ ಕಲಿಸಲು ಬಂದಿದ್ದ ಯಂತ್ರ ಅವನಿಗೂ ಅದೇ ಪಾಠ ಒಪ್ಪಿಸಿತು.

ಇದರ ಲೈಟ್ ಹಾಕು ಎಂದು ಸೂಪರ್‌ವೈಸರ್ ಗಡಿಬಿಡಿಗೆ ಹಲ್ಲುಕಚ್ಚಿ ಹೇಳಿದ. ಅವಳು ಎಂದಿಲ್ಲದ ನಿಧಾನದಲ್ಲಿ ಉತ್ತರ ಕೊಟ್ಟಳು.

"ನನಗೆ ಕಾಣ್ತಿಲ್ಲ ಸರ್."

ಫೋನಿನಲ್ಲಿ ಆಕೆ ಇದೀರಾ, ಇದೀರಾ ಎನ್ನುತ್ತಿದ್ದಳು. ನೀರಕ್ಕ ರಿಸೀವರನ್ನು ಹೆಗಲ ಮೇಲಿನ ಕೈ ಬಂದ ದಿಕ್ಕಿಗೆ ಚಾಚಿದಳು.

"ಸರ್, ದೂರು ಬಂದಿದೆ. ಕುಡಿಯೋ ನೀರಲ್ಲಿ ಚರಂಡಿ ನೀರು. ಇವರು ಮೂರನೇ ಸಲ ಹೇಳ್ತಿದಾರೆ. ಬರ್ಕೊಳ್ಳಿ."

"ಮೊದಲು ಸ್ಕ್ರೀನ್ ಆನ್ ಮಾಡಮ್ಮ" ಎಂದರು ಸಾಹೇಬರು. ದನಿಯಲ್ಲಿ ಇನ್ನೂ ಕ್ಯಾಮೆರಾಗಳ ಭಯವಿತ್ತು.

"ಮಾಡಲ್ಲ."

ಆ ಮಾತು ಅವಳ ಬಾಯಿಂದ ಆ ಕಚೇರಿಯಲ್ಲಿ ಹಿಂದೆಂದೂ ಬಂದಿರಲಿಲ್ಲ. ಬಂದ ಮೇಲೆ ಎದೆ ಹಗುರಾಗಲಿಲ್ಲ. ಹಿಂದಿನ ಕೋಣೆಯ ಬಾಗಿಲು ಮುಂದಕ್ಕೆ ಎಳೆದ ಸದ್ದು ಕಿವಿಯಲ್ಲಿ ಬಂದು ಹೋಯಿತು. ಆದರೂ ಮಾತು ಮುಗಿದಿರಲಿಲ್ಲ.

"ನಾನು ದಿನಾ ಹಿಂಗೇ ಕೆಲಸ ಮಾಡೋದು ಸರ್. ನೀವೂ ಒಂದು ದೂರು ಹಿಂಗೇ ಬರ್ದು ಕಳಿಸಿ ನೋಡೋಣ. ನೆಲ ಡೊಂಕೋ, ನನಗೆ ಕುಣಿಯೋಕೆ ಬರಲ್ವೋ, ಗೊತ್ತಾಗ್ಲಿ."

ಯಾರೂ ರಿಸೀವರ್ ತೆಗೆದುಕೊಳ್ಳಲಿಲ್ಲ. ಹೆಗಲ ಮೇಲಿದ್ದ ಸಾಹೇಬರ ಕೈ ಯಾವಾಗ ಇಳಿದಿತ್ತೋ. ತಾಂತ್ರಿಕ ತೊಂದರೆ, ಬನ್ನಿ, ಒಳಗೆ ಚಹಾ ಇದೆ ಎಂದು ಸಾಹೇಬರು ಪತ್ರಿಕೆಯವರನ್ನು ಎಬ್ಬಿಸಿದರು. ಕುರ್ಚಿಗಳು ಸರಿದವು. ಬೂಟು ಕಿರುಗುಡುತ್ತ ಹೊರಗೆ ಹೋಯಿತು. ಕ್ಯಾಮೆರಾ ಒಂದು ಮಾತ್ರ ಕೊನೆಯಲ್ಲಿ ಒಂದೆರಡು ಸಲ ಕ್ಲಿಕ್ ಎಂದಿತು, ಕಪ್ಪು ಹಲಗೆಯದೋ ಅವಳ ಮುಖದ್ದೋ ತಿಳಿಯಲಿಲ್ಲ.

ಸೂಪರ್‌ವೈಸರ್ ಅವಳ ಕಿವಿಯ ಹತ್ತಿರ ಬಗ್ಗಿದ. ಎದ್ದು ಹೋಗಿ, ನಾಳೆಯಿಂದ ಬರಬೇಡಿ ಎಂದ. ಅವನ ಬಾಯಿಯಲ್ಲಿ ಏಲಕ್ಕಿಯ ವಾಸನೆ ಇತ್ತು.

ನೀರಕ್ಕ ಏಳಲಿಲ್ಲ. ಚಾಚಿದ ಕೈಯನ್ನು ಹಿಂದಕ್ಕೆ ತಂದು ರಿಸೀವರ್ ಕಿವಿಗಿಟ್ಟುಕೊಂಡಳು. ಆಕೆ ಇನ್ನೂ ಇದ್ದಳು. ಬಡವರು ಫೋನು ಬೇಗ ಇಡುವುದಿಲ್ಲ.

"ಬರ್ಕೊಂಡ್ರಾ ನೀರಕ್ಕ?"

"ಇಲ್ಲ ತಾಯಿ" ಎಂದಳು ನೀರಕ್ಕ. "ಬರ್ಕೊಂಡಿಲ್ಲ. ಹಿಂದಿನ ಎರಡು ಸಲಾನೂ ಬರ್ಕೊಂಡಿರ್ಲಿಲ್ಲ. ಸುಳ್ಳು ಹೇಳಿದೆ. ನನಗೆ ಕಣ್ಣು ಕಾಣಲ್ಲ. ಕೈ ಕೆಲಸ ಮಾಡುತ್ತೆ, ಆ ಕೈ ಕಟ್ಟಿಹಾಕಿದಾರೆ. ನೀವು ಇಲ್ಲಿಗೇ ಬನ್ನಿ. ನಿಮ್ಮ ಬೀದಿಯವರನ್ನೆಲ್ಲ ಕರ್ಕೊಂಡು ಬನ್ನಿ. ಆ ನೀರು ಒಂದು ಕೊಡ ತನ್ನಿ. ನಾನು ಬಾಗಿಲ ಪಕ್ಕದ ಮೇಜಲ್ಲೇ ಇರ್ತೀನಿ."

ಆಚೆ ಫೋನು ಇಟ್ಟ ಸದ್ದು ಬಂತು. ಬೈದುಕೊಂಡು ಇಟ್ಟಳೋ, ಹೊರಡಲೆಂದು ಇಟ್ಟಳೋ, ಗೊತ್ತಾಗಲಿಲ್ಲ.

ಸೂಪರ್‌ವೈಸರ್ ಫೋನಿನ ವೈರಿಗೆ ಕೈ ಹಾಕಿದ. ಅವನಿಗಿಂತ ಮೊದಲು ಗಡಿಬಿಡಿ ಮೇಜಿನ ಕೆಳಗೆ ಕೈ ಚಾಚಿ ಆ ವೈರನ್ನು ಹಿಡಿದು ನಿಂತಿದ್ದಳು. ಅವನು ಬಿಡು ಎಂದ. ಅವಳು ಬಿಡಲಿಲ್ಲ. ಗಂಟೆ ಹೊಡೆಯಿತು. ಬೆಳಗಿನಿಂದ ಕಾದ ಸಾಲಿನಲ್ಲಿ ಮುಂದಿನವರು.

ನೀರಕ್ಕ ಎತ್ತಿದಳು. ಇನ್ನೊಂದು ಕೈ ಅವಳಿಗೇ ಅರಿವಿಲ್ಲದೆ ಕೀಬೋರ್ಡಿಗೆ ಹೋಗಿತ್ತು. "ವರ್ಷ" ಎಂದಿತು ಯಂತ್ರ. "ಹಿಂದಿನ ತಿಂಗಳು, ಬಟನ್."

"ಹೇಳಿ" ಎಂದಳು ಅವಳು ಫೋನಿಗೆ. "ಕೇಳಿಸ್ಕೊಳ್ತೀನಿ. ಆದ್ರೆ ಬರ್ಕೊಂಡೆ ಅಂತ ಮಾತ್ರ ಇನ್ನು ಹೇಳಲ್ಲ."